ಕಂಪ್ಯೂಟರಿನಲ್ಲಿ ನರ್ಸಮ್ಮನ ಪಾಲು

ಹೋದ ವಾರ ಸಂಡೂರಿನ ಕಡೆಯವರೊಬ್ಬರು ಹಳೆಯ ಕಂಪ್ಯೂಟರೊಂದನ್ನು ಅಂಗಡಿಗೆ ತಂದಿಟ್ಟು ಹೋದರು. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿತ್ತಂತೆ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಾಗ ಫ್ಯಾನಿಗೆ ಅಂಟಿದ್ದ ಧೂಳು ಹಕ್ಕಳೆಯಾಗಿ ಕಳಚಿ, ಮೇಜಿನ ಮೇಲೆ ಹಾಸಿದ್ದ ಪೇಪರಿನ ಮೇಲೆ ಬಿತ್ತು. ಕೆಂಪು ಧೂಳು. ಬೆರಳಲ್ಲಿ ತಿಕ್ಕಿದರೆ ಗೆರೆಗಳೊಳಗೆ ಕೂತುಬಿಡುವ, ತುಕ್ಕಿನ ವಾಸನೆಯ ಅದಿರಿನ ಧೂಳು. ಅದನ್ನು ಕಂಡು ಎಷ್ಟೋ ವರ್ಷವಾಗಿತ್ತು. ಮೂಗಿಗೆ ಆ ವಾಸನೆ ತಾಗಿದ್ದೇ ತಡ, ನರ್ಸಮ್ಮ ಮತ್ತೆ ನೆನಪಾದರು...

ಆಗ ಗಣಿಯ ಕಾಲ. ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಒಂದು ವರ್ಷವಾಗಿತ್ತು. ನನಗೆ ಇಪ್ಪತ್ತಾರು. ಅದಿರು ರಾಶಿ ಹಾಕಿ ಲಾರಿಗೆ ತುಂಬುವ ಯಾರ್ಡುಗಳಿಂದ, ಲಾರಿ ಆಫೀಸುಗಳಿಂದ ಬರುವ ಯಂತ್ರಗಳೆಲ್ಲ ಒಳಗೆ ಕೆಂಪಗಾಗಿರುತ್ತಿದ್ದವು. ಅವುಗಳ ನಡುವೆ ಒಂದು ಭಾನುವಾರ, ತೊಳೆದು ಮಡಿಚಿದ ಟವೆಲಿನಲ್ಲಿ ಸುತ್ತಿದ ಪುಟ್ಟ ನೆಟ್‌ಬುಕ್ ಹಿಡಿದು ಒಬ್ಬ ಹೆಂಗಸು ಬಂದರು. ಐವತ್ತು ದಾಟಿದ ವಯಸ್ಸು, ಬಿಳಿ ಸೀರೆ, ಗಂಡಸರ ಕೈಗಡಿಯಾರ. ಸಂಡೂರಿನಿಂದ ಬಸ್ಸಿನಲ್ಲಿ ಬಂದಿದ್ದರು. ಅಲ್ಲಿನ ವಡ್ಡು ಊರಿನ ಕಡೆಯ ಹಳ್ಳಿಗಳಲ್ಲಿ ಇಪ್ಪತ್ತೈದು ವರ್ಷದಿಂದ ಹೆರಿಗೆ, ಚುಚ್ಚುಮದ್ದು, ಬಾಣಂತಿಯರ ಆರೈಕೆ ನೋಡುತ್ತಿದ್ದ ಸರ್ಕಾರಿ ನರ್ಸು. ಆ ಹಳ್ಳಿಗಳವರ ಬಾಯಲ್ಲಿದ್ದಂತೆ ನನಗೂ ಅವರು ನರ್ಸಮ್ಮನೇ ಆದರು.

"ಇದು ನನ್ನ ತಮ್ಮಂದ್ರಿ," ಎಂದರು. "ಹಗಲೆಲ್ಲಾ ಯಾರ್ಡಿಗೆ ಒಯ್ತಾನ. ಲಾರಿ ಲೆಕ್ಕದ ಸಾಫ್ಟ್‌ವೇರ್ ಇದರಾಗ ಐತಿ, ಅದನ್ನ ಮುಟ್ಟಂಗಿಲ್ಲ. ಸಂಜಿ ಮುಂದ ನನಗ ಕೊಡ್ತಾನ. ನನಗ ಕನ್ನಡದಾಗ ಬರೀಬೇಕಾಗೈತ್ರಿ. ಒಂದ ಮಷೀನಿನ್ಯಾಗ ಇಬ್ಬರಿಗೂ ಬ್ಯಾರೆ ಬ್ಯಾರೆ ಮಾಡಿಕೊಡಾಕ ಬರ್ತದಂತಲ್ಲ?"

ಬರುತ್ತದೆ ಎಂದೆ. ವಿಂಡೋಸ್ ತಮ್ಮನಿಗೆ ಹಾಗೇ ಇರಲಿ, ಡಿಸ್ಕಿನಲ್ಲಿ ಒಂದು ಪಾಲು ಬೇರೆ ಮಾಡಿ ಲಿನಕ್ಸ್ ಹಾಕುತ್ತೇನೆ, ಅದರಲ್ಲಿ ಕನ್ನಡ ಸಲೀಸಾಗಿ ಮೂಡುತ್ತದೆ ಎಂದು ವಿವರಿಸಿದೆ. ಆ ಪುಟ್ಟ ಯಂತ್ರಕ್ಕೆ ಸಿಡಿ ಹಾಕುವ ಜಾಗವೇ ಇರಲಿಲ್ಲ. ಪೆನ್‌ಡ್ರೈವಿನಿಂದಲೇ ಎಲ್ಲ ಆಗಬೇಕಿತ್ತು. ಪಾಲು ಮಾಡುವಾಗ ಅವರು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತು, ತೆರೆಯ ಮೇಲೆ ಪಟ್ಟಿ ಎರಡಾಗುವುದನ್ನು ಹೆರಿಗೆ ನೋಡುವಷ್ಟು ಗಮನ ಕೊಟ್ಟು ನೋಡಿದರು. "ತಮ್ಮನ ಕಡೆ ಏನೂ ಆಗಲ್ಲ ಹೌದಿಲ್ರಿ?" ಎಂದು ಮೂರು ಸಲ ಕೇಳಿದರು. ಏನೂ ಆಗಲಿಲ್ಲ. ಎರಡು ತಾಸಿನ ನಂತರ ಯಂತ್ರ ಹೊತ್ತಿಸಿದಾಗ ಕಪ್ಪು ತೆರೆಯ ಮೇಲೆ ಎರಡು ಸಾಲು ಬಂದವು. ಯಾವುದು ಬೇಕೋ ಅದರ ಮೇಲೆ ನಿಂತು ಗುಂಡಿ ಒತ್ತಬೇಕು, ಹತ್ತು ಸೆಕೆಂಡು ಸುಮ್ಮನಿದ್ದರೆ ತಾನಾಗಿ ವಿಂಡೋಸ್ ತೆರೆದುಕೊಳ್ಳುತ್ತದೆ ಎಂದು ತೋರಿಸಿದೆ.

ಮುಂದಿನ ಭಾನುವಾರ ಮತ್ತೆ ಬಂದರು. "ಹತ್ತು ಸೆಕೆಂಡ್ ಸಾಲವಲ್ವುರಿ. ನಾ ಕನ್ನಡಕ ಹುಡುಕಿ ಹಾಕ್ಕೊಳ್ಳೂದ್ರಾಗ ಅದು ತಮ್ಮನ ಕಡೆ ಹೋಗಿಬಿಟ್ಟಿರ್ತದ."

ನಾನು ನಗುತ್ತ ಅದನ್ನು ಮೂವತ್ತು ಸೆಕೆಂಡು ಮಾಡಿಕೊಟ್ಟೆ.

ಅದಾದ ಮೇಲೆ ತಿಂಗಳಿಗೊಮ್ಮೆಯಾದರೂ ಬರುತ್ತಿದ್ದರು. ಒತ್ತಕ್ಷರ ಮೂಡುತ್ತಿಲ್ಲ, ಪುಟ ಕಾಣುತ್ತಿಲ್ಲ ಎಂಬ ನೆವ. ಬರುವಾಗ ಸಂಡೂರಿನ ಸಂತೆಯಿಂದ ಸೀತಾಫಲವನ್ನೋ ಹಸಿ ಶೇಂಗಾವನ್ನೋ ತರುತ್ತಿದ್ದರು. ಮೊದಮೊದಲು ನನ್ನನ್ನು "ಸರ" ಎನ್ನುತ್ತಿದ್ದವರು ಮೂರನೆಯ ತಿಂಗಳಿಗೆ "ಏನಪ್ಪಾ, ಉಂಡೇನು?" ಎನ್ನುವಷ್ಟಾದರು. ನನ್ನ ತಾಯಿಯನ್ನು ಬಿಟ್ಟರೆ ನನ್ನನ್ನು ಹಾಗೆ ಏಕವಚನದಲ್ಲಿ ವಿಚಾರಿಸುವವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ.

ಅವರ ಕತೆಯೂ ನನಗೆ ತಿಳಿದದ್ದು ಆಗಲೇ. ತಾಯಿ ತಂದೆ ಬೇಗ ಹೋದರು. ತಮ್ಮನಿಗೆ ಆಗ ಎಂಟು ವರ್ಷ. ಅವನನ್ನು ಓದಿಸಿ ನೆಲೆಗೆ ಹಚ್ಚುವುದರಲ್ಲಿ ಅವರ ಮದುವೆಯ ವಯಸ್ಸು ದಾಟಿತ್ತು. ಗಣಿ ಬಂದು ತಮ್ಮನಿಗೆ ಯಾರ್ಡಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದ್ದು ಅವರಿಗೆ ಹೆಮ್ಮೆಯಾಗಿತ್ತು.

ಬರೆಯುತ್ತಿದ್ದುದೇನು ಎಂದು ಒಮ್ಮೆ ಕೇಳಿದೆ. ಅಲ್ಲೇ ತೆರೆದು ಒಂದನ್ನು ಓದಿದರು. ಲಾರಿ ಓಡುವ ರಸ್ತೆಯಂಚಿನ ಮನೆಯ ಬಾಣಂತಿಯೊಬ್ಬಳು ಧೂಳು ಬೀಳದಿರಲಿ ಎಂದು ತೊಟ್ಟಿಲಿಗೆ ಒದ್ದೆ ಸೀರೆ ಕಟ್ಟುತ್ತಾಳೆ. ಅದು ಒಣಗಿ ಕೆಂಪಾದಾಗ ಮತ್ತೆ ತೊಳೆದು ಕಟ್ಟುತ್ತಾಳೆ, ದಿನಕ್ಕೆ ಆರೇಳು ಸಲ. ನೀರಿನಲ್ಲೇ ಇದ್ದು ಇದ್ದು ಬೆರಳ ಸಂದಿಗಳು ಬಿರಿದಿವೆ. ನರ್ಸಮ್ಮ ಮುಲಾಮು ಕೊಟ್ಟರೆ, "ಇದನ್ನ ಹಚ್ಚಿದ ಕೈಲೆ ಕೂಸಿನ ಮುಟ್ಟಬೌದೇನ್ರಿ?" ಎಂದು ಕೇಳುತ್ತಾಳೆ. ಅಷ್ಟೇ. ಮೇಲೆ ತಾರೀಖು, ಮನೆಯವರ ಹೆಸರು, ಕೂಸಿನ ತೂಕ, ಕೆಮ್ಮು ಶುರುವಾದ ದಿನ. ಒಂದು ಮನೆಗೆ ಒಂದು ಪುಟ. ಬರೆದ ಮೇಲೆ ಆ ಮನೆಗೇ ಹೋಗಿ ಓದಿ ಹೇಳುತ್ತಿದ್ದರಂತೆ. "ಅವರ ಮಾತು ಅವರಿಗೆ ಗೊತ್ತಿಲ್ದ ನಾ ಬರದರ ಕಳವು ಆಗ್ತದಪ್ಪ," ಎಂದರು.

ಇದನ್ನೆಲ್ಲ ಏನು ಮಾಡುತ್ತೀರಿ ಎಂದೆ. "ಏನೂ ಇಲ್ಲ. ಯಾರರ ಒಬ್ಬರು ಬರದಿಡಬೇಕಲ್ಲ," ಎಂದು ಯಂತ್ರವನ್ನು ಟವೆಲಿನಲ್ಲಿ ಸುತ್ತಿಕೊಂಡರು. ಎಲ್ಲದರ ಒಂದು ನಕಲು ಮಾಡಿಟ್ಟುಕೊಳ್ಳಿ ಎಂದು ನಾನು ಆಗ ಹೇಳಬೇಕಿತ್ತು. ಬಸ್ಸಿನ ಹೊತ್ತಾಗಿತ್ತು. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ...

ಮುಂದಿನ ಸಲ ಆ ಯಂತ್ರವನ್ನು ತಂದದ್ದು ಅವರ ತಮ್ಮ. ವಾರದ ನಡುವಿನ ಮಧ್ಯಾಹ್ನ. ಜೀಪು ಬಾಗಿಲಿಗೇ ನಿಂತಿತ್ತು, ಎಂಜಿನ್ ಆರಿಸಿರಲಿಲ್ಲ. ತಮ್ಮ ನನಗೆ ಪರಿಚಿತರೇ; ಅವರ ಯಾರ್ಡಿನ ಕಂಪ್ಯೂಟರುಗಳ ಕೆಲಸವೆಲ್ಲ ಅವರ ಕೈಯಿಂದಲೇ ನನಗೆ ಬರುತ್ತಿತ್ತು. ನೆಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, "ಅಕ್ಕನ ಪಾಲು ತಗದಬಿಡ್ರಿ. ಒಂದ ಸಿಸ್ಟಂ ಸಾಕು," ಎಂದರು.

ಯಾಕೆ ಎಂದೆ. ಹಿಂದಿನ ದಿನ ಯಾರ್ಡಿನಲ್ಲಿ ಅವರ ಮೇಲಿನವರೊಬ್ಬರು ಯಂತ್ರ ಹೊತ್ತಿಸಿದ್ದಾರೆ. ಕಪ್ಪು ತೆರೆಯಲ್ಲಿ ಎರಡು ಸಾಲು ಬಂದು ಮೂವತ್ತು ಸೆಕೆಂಡು ನಿಂತಿದೆ. ಇದೇನಿದು ಎಂದು ಎರಡನೆಯದನ್ನು ಒತ್ತಿದ್ದಾರೆ. ಮೊದಲ ಕಡತದಲ್ಲೇ ಅದೇ ಯಾರ್ಡಿನ ಪಕ್ಕದ ಓಣಿ, ಧೂಳು, ಮಕ್ಕಳ ಕೆಮ್ಮು. ಯಾರು ಬರೆಯುವುದು ಇದನ್ನು ಎಂದು ಕೇಳಿದ್ದಾರೆ.

"ನೌಕರಿ ಹೋಗ್ತದ್ರಿ," ಎಂದರು ತಮ್ಮ. ಗಟ್ಟಿಯಾಗಿ ಹೇಳಲು ಹೋದ ದನಿ ಒಡೆಯಿತು. "ಅಕ್ಕಗ ಹೇಳಿದ್ರ ತಿಳಿಯಾಂಗಿಲ್ಲ."

"ಬರೆದದ್ದನ್ನ ಕಾಪಿ ಮಾಡಿಟ್ಟು ತೆಗೀಲೇನ್ರಿ?"

"ಬ್ಯಾಡ. ಕಾಪಿ ಇದ್ರ ತಗದಂಗ ಹೆಂಗಾತು?"

ಅಷ್ಟು ಹೊತ್ತಿಗೆ ನಾನು ಅವರ ಕಡತಗಳಿದ್ದ ಜಾಗವನ್ನು ತೆರೆದಿದ್ದೆ. ಸಾಲಾಗಿ ಮನೆಗಳ ಹೆಸರು. ತೆರೆಯ ತುಂಬ ಇದ್ದವು, ಕೆಳಗೆ ಸರಿಸಿದರೆ ಇನ್ನೂ ಇದ್ದವು. ಪೆನ್‌ಡ್ರೈವ್ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಐದು ನಿಮಿಷದ ಕೆಲಸ. ಒಳಗೆ ಹೋಗಿ ನರ್ಸಮ್ಮನಿಗೆ ಒಂದು ಫೋನು ಮಾಡಬಹುದಿತ್ತು. ಯಂತ್ರ ಕೆಟ್ಟಿದೆ, ನಾಳೆ ಬನ್ನಿ ಎಂದು ತಮ್ಮನಿಗೆ ಸುಳ್ಳು ಹೇಳಬಹುದಿತ್ತು. ಬೇರೆ ಗಿರಾಕಿಗಳಿಗೆ ದಿನಾ ಹೇಳುತ್ತಿದ್ದ ಸುಳ್ಳೇ ಅದು. ಯಾವುದನ್ನೂ ಮಾಡಲಿಲ್ಲ. ಯಂತ್ರ ತಮ್ಮನದು, ಅಕ್ಕ ತಮ್ಮಂದಿರ ನಡುವೆ ನಾನು ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾರ್ಡಿನ ಕೆಲಸ ತಪ್ಪೀತೆಂಬ ಅಂಜಿಕೆಗೆ ಅದು ಹೊದಿಕೆ ಅಷ್ಟೇ. ಪಾಲನ್ನು ಅಳಿಸಿದೆ. ಆ ಜಾಗವನ್ನು ವಿಂಡೋಸಿಗೆ ಸೇರಿಸಿದೆ. ಮತ್ತೆ ಹೊತ್ತಿಸಿದಾಗ ಕಪ್ಪು ತೆರೆ ಬರಲಿಲ್ಲ, ಯಂತ್ರ ಯಾರನ್ನೂ ಕೇಳದೆ ನೇರವಾಗಿ ತೆರೆದುಕೊಂಡಿತು. ತಮ್ಮ ಅದನ್ನು ಎತ್ತಿಕೊಂಡು ಹೋದರು.

ಭಾನುವಾರ ನರ್ಸಮ್ಮ ಬಂದರು. ಟವೆಲಿರಲಿಲ್ಲ. ಯಂತ್ರವನ್ನು ಎದೆಗೆ ಒತ್ತಿಕೊಂಡೇ ಬಸ್ಸಿನಲ್ಲಿ ಬಂದಿದ್ದರು.

"ತಮ್ಮ ತಗಿಸೀನಿ ಅಂದ. ಖರೇನೇನ್ರಿ?"

"ಹೌದ್ರಿ... ನಿಮಗೆ ಹೇಳ್ಯಾರ ಅಂದುಕೊಂಡೆ," ಎಂದೆ.

"ಒಳಗ ನನ್ನ ಬರವಣಿಗಿ ಇತ್ತಂತ ನೀವು ನೋಡಲಿಲ್ಲೇನ್ರಿ?"

"ಇಲ್ರಿ," ಎಂದೆ.

ಒಂದೇ ಪದ. ಅದನ್ನು ಹೇಳಿದ ಮೇಲೆ ಅವರ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. "ನೀವಾದರೂ ಏನ್ ಮಾಡ್ತೀರಿ, ಅಂವ ಹೇಳಿದ್ದು ಮಾಡೀರಿ," ಎಂದು ನನ್ನನ್ನೇ ಸಮಾಧಾನ ಮಾಡಿದರು. ನಾನು ಅಳಿದದ್ದನ್ನು ಹುಡುಕುವ ಸಾಫ್ಟ್‌ವೇರುಗಳನ್ನೆಲ್ಲ ಹಾಕಿ ಮೂರು ದಿನ ಹುಡುಕಿದೆ. ಯಂತ್ರ ನನ್ನ ಕೈಗೆ ಬರುವ ಮೊದಲೇ ಯಾರ್ಡಿನ ಕಡತಗಳನ್ನು ತಮ್ಮ ಆ ಜಾಗದ ಮೇಲೇ ತುಂಬಿದ್ದರು. ಸಿಕ್ಕಿದ್ದೆಲ್ಲ ಖಾಲಿ ಚೌಕಗಳು, ಪ್ರಶ್ನೆ ಚಿಹ್ನೆಗಳು, ನಡುವೆ ಒಂದು ಕಡೆ "ತೊಟ್ಟಿ", ಒಂದು ಕಡೆ "ಅವ್ವ". ಯಂತ್ರ ಒಯ್ಯಲು ಅವರು ಮತ್ತೆ ಬಂದಾಗ ಅದನ್ನು ಹಾಳೆಯ ಮೇಲೆ ಮುದ್ರಿಸಿ ತೋರಿಸಿದೆ. ನೋಡಿ ಮಡಿಚಿ ಚೀಲದಲ್ಲಿಟ್ಟುಕೊಂಡರು.

"ಮತ್ತ ಬರೀರಿ, ನಾನು ಸಿಸ್ಟಂ ಹಾಕಿಕೊಡ್ತೀನಿ," ಎಂದೆ.

"ಎರಡನೇ ಸಲ ಬರದರ ಅದು ನೆನಪು ಆಗ್ತದ್ರಿ. ಅವತ್ತು ನೋಡಿದ್ದು ಆಗೂದಿಲ್ಲ."

ಎಂಟು ತಿಂಗಳಿಂದ "ಏನಪ್ಪಾ" ಎನ್ನುತ್ತಿದ್ದವರು ಆ ಎರಡೂ ಸಲ ಬಂದಾಗಿನಿಂದ ಹೋಗುವವರೆಗೂ ನನಗೆ "ರೀ" ಹಚ್ಚಿಯೇ ಮಾತಾಡಿದ್ದರು. ಅದು ಗೊತ್ತಾದದ್ದು ಅವರು ಓಣಿ ದಾಟಿ ಹೋದ ಮೇಲೆ.

ಅದೇ ವಾರ ಅವರು ತಮ್ಮನ ಮನೆ ಬಿಟ್ಟು ಹಳ್ಳಿಯ ಆರೋಗ್ಯ ಕೇಂದ್ರದ ಕ್ವಾರ್ಟರ್ಸಿಗೆ ಹೋದರೆಂದು ಕೇಳಿದೆ. ಎರಡು ವರ್ಷ ಅಕ್ಕ ತಮ್ಮನಿಗೆ ಮಾತಿರಲಿಲ್ಲ. ಆಮೇಲೆ ಗಣಿಗಳು ಒಂದೊಂದಾಗಿ ನಿಂತವು. ಲಾರಿಗಳು ರಸ್ತೆಯಂಚಿಗೆ ಟೈರಿಲ್ಲದೆ ಕೂತವು. ಯಾರ್ಡು ಮುಚ್ಚಿ ತಮ್ಮ ಮನೆಯಲ್ಲಿ ಕೂತಾಗ, ನರ್ಸಮ್ಮನೇ ಒಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಬಾಗಿಲು ಬಡಿದರಂತೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಹೊಸಪೇಟೆಯ ಬಸ್ ನಿಲ್ದಾಣದಲ್ಲಿ. ಆಗ ನಿವೃತ್ತರಾಗಿದ್ದರು. ಚಹಾ ಕುಡಿಯೋಣ ಬನ್ನಿ ಎಂದೆ, ಬಂದರು. ಹಳ್ಳಿಗಳಿಗೆ ಧೂಳಿನಿಂದ ಏನಾಯಿತೆಂದು ವಿಚಾರಿಸಲು ಅಧಿಕಾರಿಗಳು ಬಂದಿದ್ದ ಸಂಗತಿ ಹೇಳಿದರು. "ಮೂವತ್ತು ವರ್ಷ ಇದ್ದೀರಿ, ನೀವ ಹೇಳ್ರಿ ಅಂದ್ರು. ಹೇಳಿದೆ. ಯಾವ ಮನಿ, ಯಾವ ತಾರೀಖು ಅಂತ ಕೇಳಿದ್ರು. ಮುಖ ಎಲ್ಲಾ ನೆನಪದಾವ್ರಿ, ತಾರೀಖು ಹೆಂಗ ಹೇಳ್ಲಿ? ಅವರು ಪೆನ್ನು ಮುಚ್ಚಿದ್ರು." ಬೇಸರವಿಲ್ಲದೆ, ಯಾರದೋ ಮನೆಯ ಸುದ್ದಿಯಂತೆ ಹೇಳಿದರು. ನಾನು ನೋಡಿದ್ದೆ, ಗೊತ್ತಿದ್ದೂ ಅಳಿಸಿದೆ ಎಂದು ಹೇಳಿಬಿಡಬೇಕೆಂದುಕೊಂಡೆ. ಸಂಡೂರಿನ ಬಸ್ಸು ಬಂತು. ಅವರ ಚೀಲ ಎತ್ತಿ ಕೊಟ್ಟೆ... ಅಷ್ಟೇ.

ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಲಾಗಲಿಲ್ಲ, ಮೂರನೆಯ ದಿನ ಹೋದೆ. ಅಂಗಳದ ತುಂಬ ಹಳ್ಳಿಯ ಹೆಂಗಸರು. ತಮ್ಮ ನನ್ನನ್ನು ಗೋಡೆಯ ಮಗ್ಗಲಿಗೆ ಕರೆದು ಹೇಳಿದರು: "ನೀವು ಕಾಪಿ ಮಾಡ್ಲೇನು ಅಂತ ಕೇಳಿದ್ದು, ನಾ ಬ್ಯಾಡ ಅಂದದ್ದು, ಅಕ್ಕಗ ಹೇಳಲೇ ಇಲ್ರಿ. ನಿಮಗೇನೂ ಗೊತ್ತಿರಲಿಲ್ಲ ಅಂತನ ಆಕಿ ತಿಳಕೊಂಡಿದ್ಲು. ಇರ್ಲಿ, ಒಬ್ಬನ ಮ್ಯಾಲರ ಆಕಿಗೆ ನಂಬಿಕಿ ಇರ್ಲಿ ಅಂತ ಸುಮ್ಮನಾದೆ." ತಪ್ಪನ್ನೆಲ್ಲ ತಾನೊಬ್ಬನೇ ಹೊತ್ತು, ಆ ಮನುಷ್ಯ ಎರಡು ವರ್ಷ ಅಕ್ಕನ ಮುಖ ನೋಡದೆ ಇದ್ದದ್ದು ನನಗೆ ತಿಳಿದದ್ದು ಅವತ್ತು. ನಾನು ಅಂಗಳದ ಹೆಂಗಸರನ್ನು ದಾಟಿ ಹೊರಬಿದ್ದು ಬಸ್ಸು ಹಿಡಿದೆ.

ಎರಡು ತಿಂಗಳ ಹಿಂದೆ ಒಬ್ಬ ಹುಡುಗಿ ಅಂಗಡಿಗೆ ಬಂದಳು. ಕಾಲೇಜಿನ ಚೀಲ, ಇಪ್ಪತ್ತರ ಆಸುಪಾಸು. ಅವಳ ತಾಯಿ ಅವಳು ನಾಲ್ಕು ವರ್ಷದವಳಿದ್ದಾಗಲೇ ತೀರಿಹೋದಳಂತೆ. ತಾಯಿ ಇದ್ದಾಗ ನರ್ಸಮ್ಮ ಮನೆಗೆ ಬಂದು ಬರೆದುಕೊಂಡು, ಓದಿ ಹೇಳಿದ್ದರೆಂದು ಅಜ್ಜಿ ಹೇಳಿದ್ದಳು. ಅದನ್ನು ಹುಡುಕಿಕೊಂಡು ಸಂಡೂರಿಗೆ ಹೋಗಿದ್ದಾಳೆ. ನರ್ಸಮ್ಮನ ತಮ್ಮ ನನ್ನ ಅಂಗಡಿಯ ಗುರುತು ಹೇಳಿ ಕಳಿಸಿದ್ದರು.

"ಏನಾತು ಅಂತ ಅವರ ಹೇಳ್ತಾರ, ಕೇಳವ್ವ ಅಂದ್ರು," ಎಂದಳು. "ನಮ್ಮವ್ವಂದು ಒಂದು ಫೋಟೋನೂ ಇಲ್ರಿ. ಅದಕ್ಕ..."

ಇನ್ನು ಬೆನ್ನ ಹಿಂದೆ ಅವಿತುಕೊಳ್ಳಲು ನನಗೆ ಯಾರೂ ಉಳಿದಿರಲಿಲ್ಲ. ಕೂಡಿಸಿ, ಎಲ್ಲವನ್ನೂ ಹೇಳಿದೆ. ಎಲ್ಲ ಪುಟಗಳೂ ಕಣ್ಣೆದುರಿಗಿದ್ದವು, ಗೊತ್ತಿದ್ದೇ ಅಳಿಸಿದೆ, ನರ್ಸಮ್ಮನಿಗೆ ಸುಳ್ಳು ಹೇಳಿದೆ ಎಂದೆ. ಅವಳು ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು:

"ಅಳಿಸೂಕಿಂತ ಮುಂಚೆ ನಮ್ಮವ್ವಂದು ಒಂದ್ ಸಲ ಓದಿದ್ರೇನ್ರಿ?"

"ಇಲ್ಲವ್ವ."

ತಲೆ ಆಡಿಸಿದಳು. ಚೀಲ ಹೆಗಲಿಗೇರಿಸಿ, ಬರ್ತೀನ್ರಿ ಎಂದು ಹೇಳಿಯೇ ಹೋದಳು. ಅವಳ ತಾಯಿಯ ಪುಟದಲ್ಲಿ ಏನಿತ್ತೆಂದು ಹೇಳಬಲ್ಲವರಿದ್ದರೆ ಅದು ನರ್ಸಮ್ಮ ಒಬ್ಬರೇ. ಅವರು ಈಗ ಇಲ್ಲ.