ಹೆಸ್ಟರಳ ಸಹಿ
ಇಂಗ್ಲೆಂಡಿನ ಕೀತ್ಲಿಯ ಜನ ಮನೆ ಕೊಳ್ಳಲಿ, ಮಾರಲಿ, ಮೊದಲು ಹತ್ತುತ್ತಿದ್ದುದು ಮ್ಯೂರಿಯಲ್ ಹೋಲ್‌ರಾಯ್ಡಳ ಕಚೇರಿಯ ಮೆಟ್ಟಿಲು. ನಡುಗೋಡೆ ಯಾರದು, ಚರಂಡಿ ಯಾರ ಜಾಗದಲ್ಲಿ ಹಾದಿದೆ, ಹಿತ್ತಲಲ್ಲಿ ನೆರೆಯವರಿಗೆ ನಡೆದಾಡುವ ಹಕ್ಕಿದೆಯೇ, ಎಲ್ಲವನ್ನೂ ಜಾಲಾಡಿ ನೋಡುವ ಸಾಲಿಸಿಟರ್ ಆಕೆ. ಅವಳು ನೋಡಿದ ಮೇಲೆ ತಕರಾರೇಳುವುದಿಲ್ಲವೆಂದು ಊರು ನಂಬಿತ್ತು.

ಅವಳ ಹಳೆಯ ಗೆಳತಿ ಹೆಸ್ಟರ್ ಸಗ್ಡನ್ ಕೂಡ ನಂಬಿದ್ದಳು. ಉಣ್ಣೆ ಗಿರಣಿಯಲ್ಲಿ ದುಡಿದು, ಮದುವೆಯಾಗದೆ, ತಾಯಿಯನ್ನು ನೋಡಿಕೊಂಡು ಹುಟ್ಟಿದ ಮನೆಯಲ್ಲೇ ಉಳಿದವಳು. ಮನೆಗೆ ಹೊಸ ಮಾಡು ಹಾಕಿಸಿದ್ದು ಅವಳ ಸಂಬಳದಲ್ಲಿ. ಆದರೆ ಮನೆಯಿದ್ದದ್ದು ಅಣ್ಣ ಕ್ಲೆಮೆಂಟನ ಹೆಸರಿನಲ್ಲಿ. ತಾಯಿ ತೀರಿಕೊಂಡ ಮೇಲೆ ಅವನು ಅದನ್ನು ಮಾರಲು ಹೊರಟು, ಕೆಲಸವನ್ನು ಮ್ಯೂರಿಯಲಳಿಗೆ ಒಪ್ಪಿಸಿದ.

ಮನೆಗೆ ಹಣ ಹಾಕಿದವರು ಪಾಲು ಕೇಳಬಹುದಾದ್ದರಿಂದ, ಮನೆಯಲ್ಲಿರುವ ತಂಗಿ ತನಗೆ ಯಾವ ಹಕ್ಕೂ ಇಲ್ಲವೆಂದು ಬರೆದುಕೊಡಬೇಕೆಂದು ಕೊಳ್ಳುವವರ ವಕೀಲ ಕೇಳಿದ. ಅಂಥ ಕಾಗದಕ್ಕೆ ಸಹಿ ಹಾಕುವವರಿಗೆ, ಮೊದಲು ಬೇರೆ ವಕೀಲರನ್ನು ವಿಚಾರಿಸಿ ಎಂದು ಹೇಳಲೇಬೇಕು. ಮ್ಯೂರಿಯಲಳಿಗೆ ಇದು ಬಾಯಿಪಾಠ. ಆದರೆ ಆ ಮಾರಾಟಕ್ಕೆ ಇನ್ನೂ ಹಲವು ಮನೆಗಳ ಮಾರಾಟ ಸರಪಳಿಯ ಕೊಂಡಿಗಳಂತೆ ಜೋತುಬಿದ್ದಿತ್ತು. ಒಂದು ನಿಂತರೆ ಎಲ್ಲವೂ ನಿಲ್ಲುತ್ತಿದ್ದವು. ಕ್ಲೆಮೆಂಟ್ ದಿನಾ ಫೋನ್ ಮಾಡಿ ಜೀವ ತಿನ್ನುತ್ತಿದ್ದ.

ಕಾಗದ ಹಿಡಿದು ಬಂದ ಮ್ಯೂರಿಯಲಳನ್ನು ಹೆಸ್ಟರ್ ಅಡುಗೆಮನೆಯಲ್ಲಿ ಕೂರಿಸಿದಳು.

"ಒಂದ್ಸಲ ಓದಿ ನೋಡು, ಹೆಸ್ಟರ್."

"ಓದೋದೇನ್ ಬಂತು, ನೀನೇ ತಂದಿದ್ದೀಯಲ್ಲ! ಹೊಸ ಮನೇಲಿ ಕ್ಲೆಮ್ ನಂಗೂ ಒಂದ್ ಕೋಣೆ ಕೊಡ್ತಾನಂತೆ. ಎಲ್ಲಿ ಹಾಕ್ಲಿ, ಹೇಳು."

ಹೇಳಬೇಕಾದ ಮಾತು ಮ್ಯೂರಿಯಲಳ ನಾಲಗೆಯ ತುದಿಗೆ ಬಂತು. ನುಂಗಿಕೊಂಡು, ಬೆರಳಿಟ್ಟು ಜಾಗ ತೋರಿಸಿದಳು.

ಹೊಸ ಮನೆಯಲ್ಲಿ ಹೆಸ್ಟರಳಿಗೆ ಕೋಣೆ ಸಿಗಲಿಲ್ಲ. ಲಾಂಡ್ರಿ ಅಂಗಡಿಯ ಮೇಲಿನ ಒದ್ದೆ ವಾಸನೆಯ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಳು. ಮಾರುಕಟ್ಟೆಯಲ್ಲಿ ಸಿಕ್ಕಾಗ ಅವಳೇ ಸಮಾಧಾನ ಹೇಳಿದಳು: "ನೀನ್ಯಾಕೆ ಮುಖ ಸಣ್ಣ ಮಾಡ್ತೀಯೇ? ಮೋಸ ಮಾಡಿದ್ದು ನಮ್ಮಣ್ಣ. ನಿಂದೇನೂ ತಪ್ಪಿಲ್ಲ."

ಆಮೇಲೆ ಮ್ಯೂರಿಯಲ್, ತಾನು ಕ್ಲೆಮೆಂಟನ ವಕೀಲೆ, ಹೆಸ್ಟರಳ ವಕೀಲೆಯಲ್ಲ ಎಂದು ತನಗೆ ತಾನೇ ವಾದಿಸಿ ಸೋತಳು. ಕೊನೆಗೊಂದು ಭಾನುವಾರ ಲಾಂಡ್ರಿಯ ಮೆಟ್ಟಿಲು ಹತ್ತಿದಳು.

"ಬೇರೆ ವಕೀಲರನ್ನ ಕೇಳು ಅಂತ ಅವತ್ತು ನಾನು ಹೇಳ್ಬೇಕಿತ್ತು. ಮರೆತಿದ್ದಲ್ಲ, ಹೆಸ್ಟರ್. ಹೇಳಿದ್ರೆ ನೀನು ಸಹಿ ಹಾಕಲ್ಲ ಅಂತ ಗೊತ್ತಿತ್ತು."

ಹೆಸ್ಟರ್ ಅವಳಿಗೆಂದು ಎಳೆದಿಟ್ಟಿದ್ದ ಕುರ್ಚಿಯನ್ನು ಮತ್ತೆ ಮೇಜಿನಡಿಗೆ ತಳ್ಳಿದಳು.

"ನಿಮ್ಮಮ್ಮ ಹಾಸಿಗೆ ಹಿಡಿದಾಗ ಸೂಪು ಕುಡಿಸ್ದೋಳು ನಾನು ಕಣೇ," ಎಂದಳು. "ಈಗ್ಯಾಕೆ ಬಂದೆ? ನಿನ್ನ ಎದೆಭಾರ ಇಳಿಸ್ಕೊಳ್ಳೋಕಾ?"

"ನನ್ ಮೇಲೆ ದೂರು ಕೊಡು ಅನ್ನೋಕೆ. ಬ್ರಾಡ್‌ಫರ್ಡ್‌ನಲ್ಲಿ ಒಬ್ಬ ವಕೀಲೆ ಇದ್ದಾಳೆ, ನನಗೆ ಬೇಕಾದವಳೇನಲ್ಲ. ಕೇಳಿದ್ರೆ ನಾನು ಇದ್ದದ್ದು ಇದ್ದ ಹಾಗೇ ಹೇಳ್ತೀನಿ."

ಹೆಸ್ಟರ್ ದೂರು ಕೊಟ್ಟಳು. ಮ್ಯೂರಿಯಲ್ ಏನನ್ನೂ ಮುಚ್ಚಿಡಲಿಲ್ಲ. ಕಚೇರಿಯ ಪಾಲುದಾರರು ಅವಳೊಂದಿಗೆ ಮಾತು ಬಿಟ್ಟರು. ಕ್ಲೆಮೆಂಟ್ ನಡುಬೀದಿಯಲ್ಲಿ ದ್ರೋಹಿ ಎಂದು ಕೂಗಾಡಿದ. ವಕೀಲರ ತಪ್ಪಿನಿಂದಾದ ನಷ್ಟ ತುಂಬಿಕೊಡುವ ವಿಮೆಯಿಂದ ಬಂದ ಪರಿಹಾರದಲ್ಲಿ ಹೆಸ್ಟರ್ ಎರಡು ಕೋಣೆಯ ಪುಟ್ಟ ಮನೆಯೊಂದನ್ನು ಕೊಂಡಳು. ಅದರ ಕಾಗದಪತ್ರ ನೋಡಿದ್ದು ಬ್ರಾಡ್‌ಫರ್ಡಿನ ಆ ವಕೀಲೆ.

ವಸಂತದಲ್ಲಿ ಒಮ್ಮೆ ಮ್ಯೂರಿಯಲ್ ಆ ಬೀದಿಯಲ್ಲಿ ಹಾದಳು. ಹೆಸ್ಟರ್ ಹೊಸ್ತಿಲು ಉಜ್ಜುತ್ತಿದ್ದಳು. ತಲೆಯೆತ್ತಿ ನೋಡಿದಳು, ಗುರುತು ಹಿಡಿದಳು, ಮತ್ತೆ ತಲೆ ತಗ್ಗಿಸಿ ಉಜ್ಜತೊಡಗಿದಳು. ಒಂದು ಗಳಿಗೆ ನಿಂತಿದ್ದ ಮ್ಯೂರಿಯಲ್ ಮಾತಾಡಿಸದೆ ಮುಂದೆ ನಡೆದಳು.