ಸ್ಟೇರಿಂಗ್ ಬಿಟ್ಟು ಕೈ ಮುಗಿದದ್ದು

ಈ ಪ್ರಸಂಗವನ್ನು ಊರಿಗೆಲ್ಲ ಮೊದಲು ಹೇಳಿದವನು ರಾಯಬಾಗದ ಗ್ಯಾರೇಜಿನ ರಫೀಕ ಮಿಸ್ತ್ರಿ. ಅವನು ಉಪ್ಪುಖಾರ ಹಚ್ಚಿ ಹೇಳುತ್ತಾನೆ; ನಡೆದದ್ದು ಇಷ್ಟು.

ಚಿಂಚಲಿಯಲ್ಲಿ ಮಾಯಕ್ಕನ ಗುಡಿ ಕಂಡೊಡನೆ ನಾನು ಸ್ಟೇರಿಂಗ್ ಬಿಟ್ಟು ಎರಡೂ ಕೈ ಮುಗಿದೆ. ಕಾರು ಹೋಗಿ ಬೇವಿನ ಮರಕ್ಕೆ ಗುದ್ದಿ, ಮುಂಭಾಗ ಜಜ್ಜಿಹೋಯಿತು.

ವಿಮೆ ಕಂಪನಿಯ ಸರ್ವೇಯರ್ ಗ್ಯಾರೇಜಿಗೆ ಬರುವ ಮೊದಲೇ ಮಿಸ್ತ್ರಿ ನನಗೆ ಬುದ್ಧಿ ಹೇಳಿದ: "ನಾಯಿ ಅಡ್ಡ ಬಂತು ಅನ್ರಿ ಕಾಕಾ. ಖರೇ ಹೇಳಿದ್ರ ಕ್ಲೇಮ್ ಹೋತಂತ ತಿಳಕೋರಿ."

ದೇವರ ವಿಷಯದಲ್ಲಿ ಸುಳ್ಳು ಹೇಗೆ ಹೇಳುವುದು? ಸರ್ವೇಯರ್ ಕೇಳಿದಾಗ ಇದ್ದದ್ದನ್ನೇ ಹೇಳಿದೆ.

ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ ಅವರು ಗರಂ ಆದರು. "ಓಡೋ ಗಾಡ್ಯಾಗ ಎರಡೂ ಕೈ ಬಿಡ್ತಾರೇನ್ರಿ? ಕಂಪನಿ ಇದನ್ನ ಒಪ್ಪೂದಿಲ್ಲ. ಅದೂ ಯಾವ ದೇವರಿಗ್ರಿ?"

"ಚಿಂಚಲಿ ಮಾಯಕ್ಕಗ್ರಿ."

"ಅಕಿ ನಮ್ಮ ಮನಿದೇವ್ರರಿ," ಎನ್ನುತ್ತ ಅವರು ಕಣ್ಣು ಮುಚ್ಚಿ ಎರಡೂ ಕೈ ಮುಗಿದರು. ಮೊಬೈಲು ನೆಲಕ್ಕೆ ಬಿದ್ದು ಗಾಜು ಒಡೆಯಿತು.

ಮಿಸ್ತ್ರಿ ಮೆಲ್ಲಗೆ ಕೇಳಿದ: "ಸಾಹೇಬ್ರ, ಮೊಬೈಲಿಗೆ ಇನ್ಶೂರನ್ಸ್ ಐತೇನ್ರಿ?"

ಅವರು ಒಡೆದ ಮೊಬೈಲನ್ನು ಎತ್ತಿ ಜೇಬಿಗಿಟ್ಟರು. 'ಚಾಲಕನ ಹಿಡಿತ ತಪ್ಪಿ ಮರಕ್ಕೆ ಡಿಕ್ಕಿ' ಎಂದಷ್ಟೇ ಬರೆದುಕೊಂಡು ಹೋದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕ್ಲೇಮ್ ಪಾಸಾಯಿತು.

ಚಿಂಚಲಿ ದಾರಿಯಲ್ಲಿ ಗಾಡಿ ಓಡಿಸುವವರು ಯಾರಾದರೂ ಸಿಕ್ಕರೆ ಇದನ್ನು ತಪ್ಪದೆ ಹೇಳಿ. ಗಾಡಿ ನಿಲ್ಲಿಸಿಯೇ ಕೈ ಮುಗಿಯಲಿ. ಅಷ್ಟರಲ್ಲಿ ತಾಯಿ ಎಲ್ಲಿಗೂ ಎದ್ದು ಹೋಗುವುದಿಲ್ಲ.