ಮೂರನೆಯ ಸಾಲಿನ ಅರಿವೆ

ಅರಿವೆ ಫಕೀರವ್ವನ ಸೀರೆಯದು. ಅದಕ್ಕೆ ಹತ್ತಿದ್ದ ನೆತ್ತರು ನನ್ನದು. ಇಷ್ಟು ಹೇಳಲು ನನಗೆ ಹತ್ತು ವರ್ಷ ಬೇಕಾಯಿತು. ಹೇಳಲೇಬೇಕಾಗಿದ್ದ ದಿನ ನಾನು ಅರ್ಧ ಮಾತನ್ನಷ್ಟೇ ಹೇಳಿದೆ — ಅರಿವೆಯದು. ನೆತ್ತರಿನದನ್ನು ನುಂಗಿಕೊಂಡೆ. ಅದರಿಂದ ಒಬ್ಬ ಹೆಂಗಸಿನ ಕೆಲಸ ಹೋಯಿತು, ಮಾನ ಹೋಯಿತು, ಇದ್ದ ಊರೂ ಹೋಯಿತು. ಸುಳ್ಳು ಹೇಳಿದೆಯಾ ಎಂದು ಯಾರಾದರೂ ಕೇಳಿದರೆ — ಇಲ್ಲ, ಒಂದಕ್ಷರ ಸುಳ್ಳಿರಲಿಲ್ಲ. ಅದೊಂದನ್ನೇ ಹಿಡಿದುಕೊಂಡು ಇಷ್ಟು ವರ್ಷ ಉಂಡೆ, ಮಲಗಿದೆ.

ನಾನು ಶಿಗ್ಗಾವಿಯವಳು. ಅಲ್ಲಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿ, ಹದಿನಾರಕ್ಕೆ ಮದುವೆಯಾಗಿ ಸವಣೂರಿನ ಎಲೆತೋಟದ ಮನೆಗೆ ಬಂದೆ. ಲಿಂಗ ಕಟ್ಟಿಕೊಂಡವರ ಮನೆ. ತಿಂಗಳ ಆ ದಿನಗಳಲ್ಲಿ ಹೊರಗೆ ಕೂರುವ ಪದ್ಧತಿ ನನ್ನ ತವರಿನಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ. ಮೊದಲ ಸಲ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಅನುಮಾನಿಸುತ್ತ ನಿಂತಾಗ ಅತ್ತೆಯೇ, “ಲಿಂಗ ಇದ್ದ ಮೈಗೆ ಎಲ್ಲೀದು ಮೈಲಿಗಿ? ಬಾ, ರೊಟ್ಟಿ ಬಡಿ” ಎಂದು ಒಳಗೆ ಕರೆದಿದ್ದರು. ಆದರೆ ಮನೆಗೊಂದು ನ್ಯಾಯ, ತೋಟಕ್ಕೊಂದು ನ್ಯಾಯ. ಎಲೆಬಳ್ಳಿ ಬಹಳ ನಾಜೂಕಿನದು. ಅದರೊಳಗೆ ಚಪ್ಪಲಿ ಮೆಟ್ಟಿ ಹೋಗಬಾರದು, ಮುಟ್ಟಾದವಳು ಕಾಲಿಡಬಾರದು, ಇಟ್ಟರೆ ಬಳ್ಳಿ ಒಣಗುತ್ತದೆ — ಸವಣೂರಿನ ಎಲ್ಲ ಎಲೆತೋಟಗಳಲ್ಲಿ ಇದೇ ನೇಮ.

ನೇಮವನ್ನು ತಾಳಿಕೊಳ್ಳುತ್ತಿದ್ದೆನೇನೋ. ತಾಳಲಾಗದ್ದು ನನ್ನ ಗಂಡನ ಹುಡುಗಾಟ. ಅವರು ಕೆಟ್ಟವರಲ್ಲ — ಇದನ್ನು ಬರೆಯುವಾಗಲೂ ಹಾಗೆ ಅನ್ನಲಾರೆ. ಪೇಟೆಯಿಂದ ಬರುವಾಗ ನನಗೆಂದು ತಿನ್ನಲು ಖಾರದ ಪೊಟ್ಟಣ ತರುವುದನ್ನು ಒಮ್ಮೆಯೂ ಮರೆತವರಲ್ಲ. ಆದರೆ ಹೆಂಡತಿಯ ಮುಟ್ಟು ಎಂದರೆ ಅವರಿಗೆ ಅರ್ಧ ಹೆದರಿಕೆ, ಅರ್ಧ ನಗೆಯಾಟ. ಕಾಗೆ ಮುಟ್ಟಿತು ಎಂದು ನಾವು ಹೆಂಗಸರು ಮರೆಮಾಡಿ ಹೇಳುತ್ತೇವಲ್ಲ, ಅದನ್ನೇ ಹಿಡಿದು ಅಂಗಳದಲ್ಲಿ ನಿಂತು “ಕಾ... ಕಾ...” ಎಂದು ಕೂಗುವರು. ನನ್ನ ತಾಟನ್ನು ಕೋಲಿನಿಂದ ದೂಡುವರು. ತೋಟದ ಬಾಯಲ್ಲಿ ನಿಂತು, ಎಲೆ ಕೀಳುವ ಹೆಂಗಸರಿಗೆಲ್ಲ ಕೇಳುವ ಹಾಗೆ, “ಇವತ್ತ ನಮ್ಮ ಮನೀಗೆ ಕಾಗಿ ಬಂದೈತಿ, ಈ ಕಡೆ ಹಾರಿ ಬರಧಂಗ ನೋಡ್ಕೋರಿ!” ಎನ್ನುವರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಾನು ಹಿತ್ತಲಲ್ಲಿ ಹಲ್ಲು ಕಚ್ಚಿ ನಿಲ್ಲುತ್ತಿದ್ದೆ.

ಬ್ಯಾಡ್ರಿ ಎಂದು ಹೇಳಿದೆ. ಕಣ್ಣೀರಿಟ್ಟೆ. ಒಂದು ದಿನ ಮಾತೇ ಬಿಟ್ಟೆ. ಅವರು ಮತ್ತಷ್ಟು ನಕ್ಕರು. ಮಗಳು ಗಿರಿಜಾ ಹುಟ್ಟಿ, ಮತ್ತೆ ಮುಟ್ಟು ಶುರುವಾದಾಗ ನಾನೊಂದು ಉಪಾಯ ಮಾಡಿದೆ — ನಾನು ಸಿಟ್ಟಿನ ಹೆಂಗಸು, ನನ್ನ ಉಪಾಯಗಳೆಲ್ಲ ಸಿಟ್ಟಿನಿಂದಲೇ ಹುಟ್ಟಿದವು. ಅವರಿಗೆ ತಪ್ಪು ದಿನ ಹೇಳತೊಡಗಿದೆ. ಮೈ ಹಗುರಾಗಿದ್ದ ದಿನಗಳಲ್ಲಿ “ಹೊರಗಾಗೇನ್ರಿ” ಎಂದು ಮನೆಯಲ್ಲಿ ಹಾಯಾಗಿ ಉಳಿಯುವುದು. ಅವರು ಕಾ ಕಾ ಎಂದು ಕೂಗಿದರೆ ಒಳಗೊಳಗೇ ನಗುವುದು — ಕೂಗು, ಕೂಗು, ಕಾಗೆಯೇ ಇಲ್ಲದ ಮನೆಗೆ ಕೂಗು. ನಿಜವಾದ ದಿನಗಳಲ್ಲಿ ಬುಟ್ಟಿ ಹಿಡಿದು ನೇರ ತೋಟಕ್ಕೆ ಹೋಗುವುದು. ಮೊದಲ ಸಲ ಒಂದೇ ಬಳ್ಳಿ ಮುಟ್ಟಿದೆ. ಎಂಟು ದಿನ ಆ ಬಳ್ಳಿಯನ್ನೇ ನೋಡಿದೆ. ಹೊಸ ಕುಡಿ ಬಂತು.

ಹೀಗೆ ಮೂರು ವರ್ಷ. ಆ ಮೂರು ವರ್ಷ ನಮ್ಮ ತೋಟದ ಎಲೆಯಂಥ ಎಲೆ ಊರಲ್ಲೇ ಇರಲಿಲ್ಲ. ನನ್ನ ಗಂಡ ಕಟ್ಟೆಯ ಮೇಲೆ ಕೂತು ಅದನ್ನೇ ಹೇಳಿಕೊಳ್ಳುತ್ತಿದ್ದರು.

ಈ ಗುಟ್ಟು ಗೊತ್ತಿದ್ದದ್ದು ಫಕೀರವ್ವನಿಗೆ ಮಾತ್ರ. ಹಾಗೆಂದು ನಾನು ತಿಳಿದುಕೊಂಡಿದ್ದೆ. ಫಕೀರವ್ವ ಮಾಸೂರಿನವಳು, ಗಂಡ ತೀರಿದ ಮೇಲೆ ಸವಣೂರಿಗೆ ಬಂದು ನಮ್ಮ ಮಾವನವರ ಕಾಲದಿಂದಲೂ ತೋಟದಲ್ಲಿ ದುಡಿಯುತ್ತಿದ್ದವಳು. ಎಲೆ ಚಿವುಟಲೆಂದು ಬಲಗೈ ಹೆಬ್ಬೆರಳಿನ ಉಗುರು ಬೆಳೆಸಿದ್ದಳು. ಅವಳು ಚಿವುಟಿದರೆ ಬಳ್ಳಿ ಅಲುಗುತ್ತಿರಲಿಲ್ಲ. ಎಲೆಗಳನ್ನು ಒಂದರ ಮೇಲೊಂದು ಅಡುಕಿ ಕಟ್ಟುವುದನ್ನು ನನಗೆ ಕಲಿಸಿದವಳೂ ಅವಳೇ.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಒಂದು ಬೆಳಿಗ್ಗೆ ಮೂರನೆಯ ಸಾಲಿನಲ್ಲಿ ಎಲೆ ಕೀಳುತ್ತಿದ್ದೆ. ನನ್ನ ಲೆಕ್ಕಕ್ಕಿಂತ ಎರಡು ದಿನ ಮೊದಲೇ ಆಯಿತು, ಜೋರಾಗಿ ಆಯಿತು. ಸೀರೆ ಕೆಡುವುದರೊಳಗೆ ಫಕೀರವ್ವ ನೋಡಿದಳು. ಬಂದು ನನ್ನ ಬೆನ್ನಿಗೆ ನಿಂತಳು.

“ಅರಿವಿ ಐತೇನು ಫಕೀರವ್ವಾ?” ಎಂದೆ.

“ನನ್ನ ಹಂತ್ಯಾಕ ಎಲ್ಲಿಂದ ಬರಬೇಕ್ರಿ ಅವ್ವಾರ? ನಂದು ನಿಂತು ಎರಡು ವರ್ಷ ಆತು” ಎಂದವಳೇ ತನ್ನ ಹಳೆಯ ಸೀರೆಯನ್ನು ಹಸಿರು ಅಂಚಿನ ಕಡೆಯಿಂದ ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದು ಕೊಟ್ಟಳು.

ಮಧ್ಯಾಹ್ನ ಅದನ್ನು ಬದಲಿಸಿ ಮಡಚಿ ಕೈಯಲ್ಲಿ ಹಿಡಿದು ಹಿತ್ತಲಿಗೆ ಹೊರಟಿದ್ದೆ. ಸಾಲಿನ ತುದಿಯಲ್ಲಿ ಗಂಡನ ಕೆಮ್ಮು ಕೇಳಿತು. ಗಾಬರಿಯಲ್ಲಿ, ಬಳ್ಳಿ ಹಬ್ಬಿಸಿದ್ದ ನುಗ್ಗೆಗಿಡದ ಬುಡದ ತರಗಿನೊಳಗೆ ಅದನ್ನು ತುರುಕಿದೆ. ಆಮೇಲೆ ತೆಗೆದರಾಯಿತು ಎಂದುಕೊಂಡೆ. ಎರಡು ದಿನ ಅವರು ಆ ಸಾಲು ಬಿಟ್ಟು ಕದಲಲಿಲ್ಲ. ಮೂರನೆಯ ದಿನ ಗಿರಿಜಾಳಿಗೆ ಜ್ವರ. ಆಮೇಲೆ — ಮರೆತೆ. ನಿಜ ಹೇಳಬೇಕೆಂದರೆ ಮರೆಯಲಿಲ್ಲ, ಮಳೆಗೆ ಕೊಳೆತು ಹೋಗಿರುತ್ತದೆ ಎಂದು ನಂಬಿಕೊಂಡೆ.

ತಿಂಗಳೊಳಗೆ ಮೂರನೆಯ ಸಾಲು ಹಳದಿಯಾಯಿತು. ಬುಡ ಕಪ್ಪಾಗಿ ಬಳ್ಳಿ ಜೋತುಬಿದ್ದವು. ನನ್ನ ಗಂಡ ಬುಡ ಕೆದರಿ ನೋಡಲು ಹೋದರು. ಕೈಗೆ ಸಿಕ್ಕಿದ್ದು ಅದು.

ಎಲೆ ಕಟ್ಟುವ ಚಪ್ಪರದಡಿ ಒಂಬತ್ತು ಜನ ಹೆಂಗಸರನ್ನು ಸಾಲಾಗಿ ನಿಲ್ಲಿಸಿದರು. ಅರಿವೆ ಕೋಲಿನ ತುದಿಯಲ್ಲಿತ್ತು. ಅವರ ಮುಖದಲ್ಲಿ ಅಂದು ನಗೆಯಾಟ ಇರಲಿಲ್ಲ, ಹೆದರಿಕೆ ಮಾತ್ರ ಇತ್ತು — ಕತ್ತಲಲ್ಲಿ ಏನನ್ನೋ ಕಂಡು ಬಂದ ಹುಡುಗನ ಹೆದರಿಕೆ. ಹುಡುಗನಂತೆಯೇ ಕಿರುಚುತ್ತಿದ್ದರು. ಯಾರೂ ಬಾಯಿ ಬಿಡಲಿಲ್ಲ. ಆಗ ನನ್ನ ಕಡೆ ತಿರುಗಿದರು.

“ನೀ ದಿನಾ ಇವರ ಜೋಡಿ ಇರ್ತಿ. ನೀನಽ ಹೇಳು. ಯಾರ್ದಿದು?”

ನನಗೆ ಒಂದು ಉಸಿರಿನಷ್ಟು ಹೊತ್ತಿತ್ತು. ಆ ಒಂದು ಉಸಿರಿನಲ್ಲಿ ಏನೇನು ಕಂಡೆ ಎಂದರೆ — ಅಂಗಳದ ಕಾ ಕಾ, ಕೋಲಿನಿಂದ ದೂಡಿದ ತಾಟು, ಮೂರು ವರ್ಷ ನನ್ನನ್ನು ನಂಬಿದ ಮುಖ ಕೆಂಪಾಗುವುದು, ಶಿಗ್ಗಾವಿಗೆ ಹೊರಟು ನಿಂತ ಗಾಡಿ, ಅದರಲ್ಲಿ ಮಡಿಲಲ್ಲಿ ಮಗಳಿಲ್ಲದ ನಾನು. ಎಲ್ಲ ಕಂಡಿತು. ಪಕ್ಕದಲ್ಲಿ ನಿಂತಿದ್ದ ಫಕೀರವ್ವನೊಬ್ಬಳು ಕಾಣಲಿಲ್ಲ.

“ಫಕೀರವ್ವನ ಸೀರಿ ಅಂಚಿನಂಗ ಐತ್ರಿ” ಎಂದೆ.

ಅಷ್ಟೇ. ಅವಳದೇ ಅಂಚು. ಸುಳ್ಳಲ್ಲ.

ಎಲ್ಲರೂ ಅವಳನ್ನು ನೋಡಿದರು. ಅವಳು ನನ್ನನ್ನು ನೋಡಿದಳು — ಸಿಟ್ಟಿನಿಂದಲ್ಲ. ಏನೋ ಕೈತಪ್ಪಿ ಬೀಳಿಸಿದವರು ತಾವೇ ಎತ್ತಿಕೊಳ್ಳುತ್ತಾರೆಂದು ಕಾಯುತ್ತೇವಲ್ಲ, ಹಾಗೆ ನೋಡಿದಳು. ಆಮೇಲೆ ನಿಧಾನವಾಗಿ, “ಹೌದ್ರಿ, ಸೀರಿ ನಂದಽ” ಎಂದಳು.

ಸೀರೆ ನಂದೇ — ಎಂದು ನಿಲ್ಲಿಸಿದಳು. ಉಳಿದದ್ದನ್ನು ಹೇಳಲಿಲ್ಲ. ನಂದು ನಿಂತು ಎರಡು ವರ್ಷವಾಯಿತು ಎಂಬ ಒಂದು ಮಾತು ಸಾಕಾಗಿತ್ತು; ಅದನ್ನು ಹೇಳಿದ್ದರೆ ಎಲ್ಲರ ಕಣ್ಣೂ ನನ್ನ ಕಡೆ ತಿರುಗುತ್ತಿದ್ದವು. ಅವಳು ಹೇಳಲಿಲ್ಲ. ನನಗೆ ಜಾಗ ಬಿಟ್ಟಳು. ನಾನು ನೆಲ ನೋಡಿದೆ.

ಅಂದೇ ಅವಳನ್ನು ತೋಟದಿಂದ ಹೊರಗೆ ಹಾಕಿದರು. ಸಂಜೆಯೊಳಗೆ ಉಳಿದ ತೋಟದವರಿಗೆಲ್ಲ ಸುದ್ದಿ ಮುಟ್ಟಿತು. ಬಳ್ಳಿ ಒಣಗಿಸಿದವಳನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ? ಎಂಟು ದಿನ ಬಾಗಿಲು ಬಾಗಿಲು ತಿರುಗಿ ಅವಳು ಮಾಸೂರಿಗೆ, ತಮ್ಮನ ಮನೆಗೆ ಹೊರಟುಹೋದಳು. ನಮ್ಮ ಮನೆಯ ಮುಂದೆಯೇ ಹೋದಳು. ನಾನು ಕದದ ಹಿಂದೆ ನಿಂತಿದ್ದೆ.

ಬಳ್ಳಿ ಒಣಗುವುದು ನಿಂತಿತೇ? ಇಲ್ಲ. ನಾಲ್ಕನೆಯ ಸಾಲೂ ಹಳದಿಗೆ ತಿರುಗಿತು. ಕೊನೆಗೆ ನನ್ನ ಗಂಡನೇ ತೋಟದ ಇಳಿಜಾರಿನ ಮೂಲೆಯಲ್ಲಿ ಬಸಿಗಾಲುವೆ ಮಣ್ಣು ತುಂಬಿ ಮುಚ್ಚಿಹೋಗಿದ್ದನ್ನು ಕಂಡರು. ಆ ವರ್ಷ ಅದನ್ನು ಎತ್ತಿಸಲು ಮರೆತವರೂ ಅವರೇ. ಮಣ್ಣು ತೆಗೆಸಿದಾಗ ಮೊಣಕಾಲುದ್ದ ನೀರು ಹರಿದು ಹೋಯಿತು. ಉಳಿದ ಬಳ್ಳಿ ಉಳಿದವು. ಬದುವಿನ ಮೇಲೆ ಪಕ್ಕದಲ್ಲೇ ನಿಂತಿದ್ದೆ. ಈಗ ತಿಳಿಯಿತು, ಈಗ ಅವರೇ ಹೇಳುತ್ತಾರೆ ಎಂದು ಕಾದೆ.

“ಆಕೀನ ಹೊರಗ ಹಾಕಿದ್ದಕ್ಕಽ ಇಷ್ಟರ ಉಳೀತು ನೋಡು” ಎಂದರು.

ಹೂಂ ಎಂದೆ. ಈ ಹೂಂ ಚಪ್ಪರದಡಿಯ ಆ ಮಾತಿಗಿಂತ ಕೆಟ್ಟದ್ದು. ಮೊದಲನೆಯದಕ್ಕೆ ಒಂದು ಉಸಿರಿನ ಹೊತ್ತಷ್ಟೇ ಇತ್ತು. ಇದಕ್ಕೆ ಇಡೀ ಮಧ್ಯಾಹ್ನವಿತ್ತು.

ಆಮೇಲೆ ನಾನು ತಪ್ಪು ದಿನ ಹೇಳುವುದನ್ನು ಬಿಟ್ಟೆ. ನಿಜವಾದ ದಿನ ನಿಜವನ್ನೇ ಹೇಳಿ ಮನೆಯಲ್ಲಿ ಉಳಿದೆ. ಅವರು ಕಾ ಕಾ ಎಂದರು. ಬರಬರುತ್ತ ನಾನೂ ನಗಲು ಕಲಿತೆ. ಮೂರನೆಯ ಸಾಲಿಗೆ ಅವರು ಮತ್ತೆ ಬಳ್ಳಿ ಹಚ್ಚಲಿಲ್ಲ, ಕೆಟ್ಟ ಸಾಲು ಎಂದು ಬಯಲು ಬಿಟ್ಟರು. ದಿನವೂ ಅದನ್ನು ದಾಟಿ ಓಡಾಡಿದೆ.

ಎಂಟು ವರ್ಷಗಳ ಮೇಲೆ ಹಿರೇಕೆರೂರಿನಲ್ಲಿ ನೆಂಟರ ಮದುವೆ. ಒಂದು ನೆಪ ಹೇಳಿ ಗಾಡಿ ಕಟ್ಟಿಸಿಕೊಂಡು ಮಾಸೂರಿಗೆ ಹೋದೆ. ಕೆರೆಯ ಕೆಳಗಿನ ಗದ್ದೆಯಲ್ಲಿ ಫಕೀರವ್ವ ಬಾಗಿ ಸಸಿ ನೆಡುತ್ತಿದ್ದಳು. ಕರೆದಾಗ ಬದುವಿಗೆ ಬಂದಳು, ಸೊಂಟ ಪೂರ್ತಿ ನೆಟ್ಟಗಾಗಲಿಲ್ಲ. ಹೆಬ್ಬೆರಳಿನ ಉಗುರು ಕೆಸರಿಗೆ ಸವೆದು ಬೆರಳಿಗೆ ಸಮನಾಗಿತ್ತು. ನಾನು ಅಳುತ್ತ ಎಲ್ಲ ಹೇಳಿದೆ — ನನ್ನದೇ ತಪ್ಪು, ನಾನು ಬಾಯಿ ಮುಚ್ಚಿಕೊಂಡೆ, ಕಾಲುವೆಯ ನೀರು, ಎಲ್ಲ. ಅವಳು ಕೈಯ ಕೆಸರು ಒರೆಸಿಕೊಳ್ಳುತ್ತ ಕೇಳಿದಳು.

“ಮೂರನೇ ಸಾಲಿಗೆ ಮತ್ತ ಬಳ್ಳಿ ಹಚ್ಚಿದ್ರೇನ್ರಿ?” ಎಂದಳು.

ಇಲ್ಲ ಎಂದೆ. ಅವಳ ಮುಖ ಆಗ ಸಣ್ಣದಾಯಿತು, ಅಲ್ಲಿಯವರೆಗೆ ಆಗಿರಲಿಲ್ಲ. “ಇದನ್ನ ನನಗ್ಯಾಕ ಹೇಳತೀರಿ ಅವ್ವಾರ? ನನಗ ಗೊತ್ತೈತೆಲ್ರಿ. ಗೊತ್ತಿಲ್ದವರಿಗೆ ಹೇಳ್ರಿ” ಎಂದು ಮತ್ತೆ ಗದ್ದೆಗೆ ಇಳಿದಳು. ಒಯ್ದಿದ್ದ ಕುಪ್ಪಸದ ಖಣ ನನ್ನ ಕೈಯಲ್ಲೇ ಉಳಿಯಿತು.

ಅದನ್ನು ಕೇಳಿ ಬಂದವಳು ಊರಿಗೆ ಬಂದು ಹೇಳಿದೆನೇ? ಇಲ್ಲ. ಇನ್ನೂ ಎರಡು ವರ್ಷ.

ಮೊನ್ನೆ ಗಿರಿಜಾ ದೊಡ್ಡವಳಾದಳು. ಹಾಲು ಕರೆದು ಒಳಗೆ ಬರುತ್ತಿದ್ದ ಹುಡುಗಿ. ಅವಳಿಗೇ ಇನ್ನೂ ಏನೆಂದು ತಿಳಿದಿರಲಿಲ್ಲ. ಅತ್ತೆಯ ಬಾಯಿಂದ ಸುದ್ದಿ ಹೋಗಿ ನನ್ನ ಗಂಡ ಕಟ್ಟೆಯಿಂದ ಎದ್ದು ಬಂದರು. ಸಂತೋಷದಿಂದಲೇ ಬಂದರು, ನನಗೆ ಗೊತ್ತು. ಅಂಗಳದಲ್ಲಿ ಎಲೆಬುಟ್ಟಿ ಇಳಿಸುತ್ತಿದ್ದ ಹೆಂಗಸರ ಮುಂದೆ ನಿಂತು, “ಇನ್ನೊಂದು ಕಾಗಿ ಆತಪಾ ನಮ್ಮ ಮನೀಗೆ! ಕಾ... ಕಾ...” ಎಂದರು. ಗಿರಿಜಾ ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು — ಫಕೀರವ್ವ ನೋಡಿದ ಹಾಗೆಯೇ, ಕಾಯುತ್ತ. ಆಮೇಲೆ ಒಳಗೆ ಓಡಿ ಕಣಜದ ಹಿಂದೆ ಕೂತಳು. ರಾತ್ರಿ ಊಟಕ್ಕೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಚಪ್ಪರದಡಿ ಎಲೆ ಕಟ್ಟುವ ಹೊತ್ತಿಗೆ ಹೋದೆ. ಗಂಡ ಅಲ್ಲೇ ಇದ್ದರು. ಅಂದು ಸಾಲಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಆರು ಜನ ಇನ್ನೂ ಅಲ್ಲೇ ದುಡಿಯುತ್ತಿದ್ದರು. ಗಿರಿಜಾಳ ಕೈ ಹಿಡಿದು ಕರೆದೊಯ್ದಿದ್ದೆ. ತೋಟದ ಗಡಿ ದಾಟುವಾಗ ಹುಡುಗಿ ಹಿಂದೆ ಜಗ್ಗಿದಳು, ನಾನು ಬಿಡಲಿಲ್ಲ.

“ಆ ಅರಿವಿ ಮ್ಯಾಲಿನ ರಕ್ತ ನಂದ್ರಿ” ಎಂದೆ. “ಸೀರಿ ಅಷ್ಟ ಫಕೀರವ್ವಂದು.”

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. “ಅವತ್ತ ತೋಟದಾಗ ನೀ ಇದ್ದೇನು?” ಎಂದರು.

“ಅವತ್ತೊಂದಽ ದಿನ ಅಲ್ರಿ. ಮೂರು ವರ್ಷ. ತಿಂಗಳಾ ತಿಂಗಳಾ.”

ಅವರು ನನ್ನನ್ನು ನೋಡಲಿಲ್ಲ, ಬಳ್ಳಿಗಳನ್ನು ನೋಡಿದರು. ಒಂದು ನಗೆ ಬರಿಸಿಕೊಳ್ಳಲು ಹೋದರು, ಬರಲಿಲ್ಲ. ಕೊನೆಗೆ ಹೆಗಲ ಮೇಲಿನ ವಸ್ತ್ರ ಜಾಡಿಸಿ, ಗಿರಿಜಾಳನ್ನು ಮುಟ್ಟದಂತೆ ಸುತ್ತಿ ಬಾವಿಯ ಕಡೆ ಹೋಗಿಬಿಟ್ಟರು. ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ನಾನು ಹೆಂಗಸರ ಕಡೆ ತಿರುಗಿದೆ. ಅವರಿಗೂ ಹೇಳಬೇಕಲ್ಲ. ಎಲ್ಲಿಂದ ಶುರು ಮಾಡಲಿ ಎಂದು ತಡವರಿಸುತ್ತಿದ್ದಾಗ ಅವರಲ್ಲಿ ಹಿರಿಯಳು, ಕಟ್ಟುತ್ತಿದ್ದ ಎಲೆಯಿಂದ ತಲೆ ಎತ್ತದೆ, “ನಮಗ ಅವತ್ತಽ ಗೊತ್ತಿತ್ರಿ ಅವ್ವಾರ” ಎಂದಳು. “ಫಕೀರವ್ವಂದು ನಿಂತಿದ್ದು ನಮಗೆಲ್ಲಾ ಗೊತ್ತಿತ್ತು. ನೀವು ಹೇಳ್ತೀರಿ ಅಂತ ಸುಮ್ಮನಿದ್ವಿ.”

ಹತ್ತು ವರ್ಷ ಅವರು ನನ್ನ ಕೈಯಿಂದ ಕೂಲಿ ಇಸಿದುಕೊಂಡರು, ನಾನು ಬೈದರೆ ಬೈಸಿಕೊಂಡರು, ಹಬ್ಬಕ್ಕೆ ನನ್ನ ಕಾಲು ಮುಟ್ಟಿದರು — ಎಲ್ಲ ಗೊತ್ತಿದ್ದುಕೊಂಡು. ಗೊತ್ತಿಲ್ಲದವರು ಎಂದು ಫಕೀರವ್ವ ಹೇಳಿದ್ದು ಒಬ್ಬ ಮನುಷ್ಯನನ್ನು. ಕಾಗೆಯ ಹಾಗೆ ಕೂಗುವ ಒಬ್ಬ ಮನುಷ್ಯನಿಗೆ ಹೆದರಿ ನಾನು —

ಗಿರಿಜಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾಪೆಯ ತುದಿಯಲ್ಲಿ ಕೂತೆ. ಎಲೆ ಅಡುಕತೊಡಗಿದೆ. ಯಾರೂ ನನಗೆ ಜಾಗ ಮಾಡಿಕೊಡಲಿಲ್ಲ, ಏಳು ಎಂದೂ ಅನ್ನಲಿಲ್ಲ. ಈ ಸೋಮವಾರ ಫಕೀರವ್ವನನ್ನು ಕರೆತರಲು ಮಾಸೂರಿಗೆ ಹೋಗಬೇಕು. ಗಾಡಿಯಲ್ಲಿ ಎರಡನೆಯ ಚಾಪೆ ಹಾಕಿಸಿದ್ದೇನೆ. ಅವಳು ಬರಲಾರೆ ಎಂದರೆ, ಮೂರನೆಯ ಸಾಲಿಗೆ ಬಳ್ಳಿ ಹಚ್ಚುವುದು ಹೇಗೆಂದು ಕೇಳಿ ಬರುತ್ತೇನೆ. ಅದನ್ನೂ ಹೇಳುವುದಿಲ್ಲ ಎಂದರೆ, ಹಾಗೆಯೇ ಬರುತ್ತೇನೆ.